ಭಾವ ಪಳಗಿಸಿದ ಕೋಟು

ಕಳೆದ ಇಪ್ಪತ್ತೆಂಟು ವರ್ಷಗಳಲ್ಲಿ ನಾನು ಒಂದೇ ಒಂದು ಹೊಸ ಬಟ್ಟೆ ತೊಟ್ಟಿಲ್ಲ. ಅಯ್ಯೋ ಪಾಪ ಅನ್ನಬೇಡಿ. ಹಬ್ಬಕ್ಕೆ, ಮದುವೆಗೆ, ಕಾಲೇಜಿನ ವಾರ್ಷಿಕೋತ್ಸವಕ್ಕೆ ಎಲ್ಲರಂತೆ ನಾನೂ ಹೊಲಿಸಿದ್ದೇನೆ. ಆದರೆ ಅವು ನನ್ನ ಮೈಗೆ ಬರುವ ಮೊದಲು ನನ್ನ ಭಾವನ ಮೈಮೇಲೆ ಕನಿಷ್ಠ ಒಂದು ದಿನ ಸಂಸಾರ ಮಾಡಿ ಬಂದಿರುತ್ತವೆ. ಇದನ್ನು ಕಳ್ಳತನ ಎಂದರೆ ಭಾವನಿಗೆ ಬೇಸರವಾಗುತ್ತದೆ. ಅವರ ಪ್ರಕಾರ ಇದು ಸೇವೆ.

ಭಾವ ಎಂದರೆ ನನ್ನ ಅಕ್ಕನ ಗಂಡ. ಹೊಳೆನರಸೀಪುರ ತಾಲ್ಲೂಕಿನ ಹಳೇಕೋಟೆ ಕಡೆಯ ರೈತರು. ಭತ್ತ, ತೆಂಗು, ಒಂದಷ್ಟು ಆಲೂಗಡ್ಡೆ, ಮತ್ತು ಎಲ್ಲ ವಿಷಯಕ್ಕೂ ಒಂದೊಂದು ಸಿದ್ಧಾಂತ ಬೆಳೆಯುತ್ತಾರೆ. ಬಟ್ಟೆಯ ಸಿದ್ಧಾಂತ ಹೀಗಿದೆ: "ಹೊಸ ಓರೀನ ಮೊದಲ್ನೇ ದಿನಾನೇ ನೊಗಕ್ಕೆ ಕಟ್ತಾರೇನ್ಲಾ? ಪಳಗುಸ್ಬೇಕು. ಬಟ್ಟೇನೂ ಅಂಗೇ. ಪಳಗ್ದೇ ಇರೋ ಬಟ್ಟೆ ಆಕ್ಕಂಡೋನು ದಿನವೆಲ್ಲಾ ಬಟ್ಟೆ ಯೋಚ್ನೇನೇ ಮಾಡ್ತಾನೆ. ಕೆಲ್ಸ ಯಾವಾಗ ಮಾಡ್ತಾನೆ?"

ದುರದೃಷ್ಟಕ್ಕೆ ನಮ್ಮಿಬ್ಬರದೂ ಒಂದೇ ಅಳತೆ. ಅರಕಲಗೂಡಿನ ನಮ್ಮ ದರ್ಜಿಯ ಪುಸ್ತಕದಲ್ಲಿ ಇಬ್ಬರಿಗೂ ಸೇರಿ ಒಂದೇ ಪುಟ. ನನ್ನ ಹೊಟ್ಟೆ ಎರಡು ಇಂಚು ಮುಂದೆ ಬಂದ ವರ್ಷ ಭಾವನ ಹೊಟ್ಟೆಯೂ ನಿಯತ್ತಾಗಿ ಎರಡು ಇಂಚು ಮುಂದೆ ಬಂತು. ಇದಕ್ಕೆ ಏನು ಹೇಳುತ್ತೀರಿ?

ನನ್ನ ಮದುವೆ ಚನ್ನರಾಯಪಟ್ಟಣದ ಛತ್ರದಲ್ಲಿ. ವರನಿಗೆಂದು ಹೊಲಿಸಿದ ರೇಷ್ಮೆ ಶರ್ಟಿನಲ್ಲಿ ಹಿಂದಿನ ದಿನ ಸಂಜೆಯಿಂದಲೂ ಭಾವ ಓಡಾಡುತ್ತಿದ್ದರು. ವರಪೂಜೆಗೆ ಹಾರ ಹಿಡಿದು ಬಂದ ಹೆಣ್ಣಿನ ಕಡೆಯ ಹಿರಿಯರು ಬನಿಯನ್ನಿನಲ್ಲಿ ಕೂತಿದ್ದ ನನ್ನನ್ನು ದಾಟಿ ನೇರವಾಗಿ ಅವರ ಕೊರಳಿಗೇ ಹಾಕಿದರು. ಭಾವ ಗಾಬರಿಯಾಗಲಿಲ್ಲ. ಹಾರವನ್ನೂ ಒಂದು ನಿಮಿಷ ಕುತ್ತಿಗೆಯ ಮೇಲೆ ಹಿಂದೆ ಮುಂದೆ ಎಳೆದು ನೋಡಿ, "ಚುಚ್ಚಕಿಲ್ಲ, ತಗಾ ಆಕ್ಕೊ" ಎಂದು ನನಗೆ ದಾಟಿಸಿದರು.

ನನ್ನ ಮಗಳು ಮೊದಲ ಬಾರಿ ಶಾಲೆಗೆ ಹೋಗುವಾಗಂತೂ ಅವರು ಪೇಚಿಗೆ ಬಿದ್ದರು. ಮೂರೂವರೆ ವರ್ಷದ ಕೂಸಿನ ಸಮವಸ್ತ್ರಕ್ಕೆ ಅವರ ಒಂದು ತೋಳೂ ತೂರುವುದಿಲ್ಲವಲ್ಲ. ಎರಡು ದಿನ ಅದನ್ನು ಹೊಲದ ಬೆದರುಗೊಂಬೆಗೆ ತೊಡಿಸಿದರು, ಪುಟ್ಟ ಟೈ ಸಮೇತ. ಮಗಳು ಅಳದೆ ಶಾಲೆಗೆ ಹೋದಳು. ಆ ಕೀರ್ತಿಯನ್ನು ಭಾವ ಇವತ್ತಿಗೂ ಟೀಚರಿಗೆ ಬಿಟ್ಟುಕೊಟ್ಟಿಲ್ಲ.

ಹೀಗಿರುವಾಗ ನನಗೆ ಮಾಲ್ಡೀವ್ಸಿನ ಶಾಲೆಯೊಂದರಲ್ಲಿ ಕೆಲಸ ಸಿಕ್ಕಿತು.

ಇಪ್ಪತ್ತೆರಡು ವರ್ಷ ನಾನು ಭೌತಶಾಸ್ತ್ರ ಹೇಳಿದ ಕಾಲೇಜಿನಲ್ಲಿ ಮಕ್ಕಳು ಕಡಿಮೆಯಾಗಿ ವಿಜ್ಞಾನ ವಿಭಾಗವನ್ನೇ ಮುಚ್ಚಿದ್ದರು. ಹೆಂಡತಿಯ ಒತ್ತಾಯಕ್ಕೆ ಅರ್ಜಿ ಹಾಕಿದೆ. ಸಿಗುವುದಿಲ್ಲ ಎಂಬ ಧೈರ್ಯದಿಂದಲೇ ಹಾಕಿದ್ದೆ. ಸಿಕ್ಕಿಬಿಟ್ಟಿತು! ನಾನು ಬೇರೆ ಯಾವುದರಲ್ಲಿ ಹಿಂದೆ ಬಿದ್ದರೂ ಚಿಂತೆ ಮಾಡುವುದರಲ್ಲಿ ಹಿಂದೆ ಬಿದ್ದವನಲ್ಲ. ದ್ವೀಪ ಎಂದರೆ ಸುತ್ತ ನೀರು, ನಾಲೆಯ ಪಕ್ಕದ ಊರಲ್ಲಿ ಹುಟ್ಟಿಯೂ ನನಗೆ ಈಜು ಬಾರದು. ವಿಮಾನ ಹತ್ತಿದವನಲ್ಲ. ಅರ್ಧ ಕನ್ನಡ, ಅರ್ಧ ಇಂಗ್ಲಿಷಿನಲ್ಲಿ ಮಸೂರದೊಳಗೆ ಬೆಳಕು ಬಗ್ಗಿಸಿದವನು ಪೂರ್ತಿ ಇಂಗ್ಲಿಷಿನಲ್ಲಿ, ಮುಖ ಪರಿಚಯವಿಲ್ಲದ ಮಕ್ಕಳ ಮುಂದೆ, ಈ ವಯಸ್ಸಿನಲ್ಲಿ ತೊದಲಿದರೆ? 'ಅನಿವಾರ್ಯ ಕೌಟುಂಬಿಕ ಕಾರಣಗಳಿಂದ ಬರಲಾಗುತ್ತಿಲ್ಲ' ಎಂದು ಒಂದು ಮೇಲ್ ಬರೆದು, ಕಳಿಸದೆ ಫೋನಿನಲ್ಲಿ ಇಟ್ಟುಕೊಂಡೆ. ಅದು ಅಲ್ಲಿದೆ ಎಂಬ ಸಮಾಧಾನದಿಂದಲೇ ನನಗೆ ಊಟ ಸೇರುತ್ತಿತ್ತು. ಕೌಟುಂಬಿಕ ಕಾರಣ ಯಾವುದು ಎಂಬುದೊಂದನ್ನು ಹುಡುಕಬೇಕಿತ್ತು ಅಷ್ಟೇ.

ಅಲ್ಲಿನ ಶಾಲೆಯವರು ಉಡುಪಿನ ಪಟ್ಟಿ ಕಳಿಸಿದರು. ಉದ್ದ ತೋಳಿನ ಶರ್ಟು ಐದು, ಕಡುಬಣ್ಣದ ಪ್ಯಾಂಟು ಮೂರು, ಟೈ, ಸಮಾರಂಭಕ್ಕೊಂದು ಕೋಟು. ಅರಕಲಗೂಡಿಗೆ ಹೋಗಿ ಹೊಲಿಯಲು ಕೊಟ್ಟು ಬಂದೆ. ಹೇಳಿದ ದಿನ ಹೋದರೆ ದರ್ಜಿ ಕನ್ನಡಕದ ಮೇಲಿಂದ ನೋಡಿ, "ಮೊನ್ನೇನೇ ನಿಮ್ ಭಾವ ಬಂದು ಎಲ್ಲಾ ತಕ್ಕಂಡೋದ್ರಲ್ಲ ಸಾ" ಎಂದ.

ಆಮೇಲೆ ಶುರುವಾಯಿತು ನೋಡಿ. ಹಾಸನದಿಂದ ನನ್ನ ಹಳೆಯ ಸಹೋದ್ಯೋಗಿಯೊಬ್ಬರ ಫೋನು, ದನಿ ತಗ್ಗಿಸಿ: "ಸಾ, ನಿಮ್ ಭಾವ ಟೈ ಕಟ್ಕಂಡು ಆಲೂಗಡ್ಡೆ ಮಂಡೀಲಿ ಮೂಟೆ ಮೇಲೆ ಕುಂತವ್ರೆ. ಮನೇಲಿ ಎಲ್ಲಾ ಸರಿಯಾಗಿ ಅದಾ?"

ಭಾವನಿಗೆ ಫೋನು ಮಾಡಿದೆ.

"ಭಾವ, ಶರ್ಟು ಸರಿ. ಟೈ ಯಾಕೆ?"

"ಕುತ್ಗೆಗೆ ಅಗ್ಗ ಬಿಗುದ್ರೆ ಉಸ್ರು ಎಲ್ಲೀಗಂಟ ಬತ್ತದೆ ಅಂತ ನೋಡ್ಬ್ಯಾಡ್ವಾ? ನೀನು ಅಲ್ಲಿ ಮಾತಾಡೋನು."

"ಬಂತಾ?"

"ಬತ್ತದೆ. ಆದ್ರೆ ಬೈಯಕ್ಕೆ ಸಾಲಕಿಲ್ಲ. ಐಕಳನ್ನ ಬೈಯೋವಾಗ ಒಂಚೂರು ಸಡ್ಲ ಮಾಡ್ಕಾ."

"ಗಂಟು ಯಾರು ಹಾಕಿಕೊಟ್ರು?"

"ಯಾರ್ ಆಕ್ಕೊಡ್ಬೇಕು? ದಿನಾ ದನ ಕಟ್ಟಕಿಲ್ವಾ ನಾನು?"

ನೀಲಿ ಶರ್ಟಿನ ಪರೀಕ್ಷೆ ಕಂಕುಳದ್ದು. ಬೋರ್ಡಿನ ಮೇಲ್ತುದಿಯಲ್ಲಿ ಬರೆಯುವಷ್ಟು ಕೈ ಎತ್ತಿ ಅರ್ಧ ದಿನ ನುಗ್ಗೆಕಾಯಿ ಕಿತ್ತರಂತೆ. ಹೊಲಿಗೆ ಬಿಡಲಿಲ್ಲ. ಆದರೆ ಮೂರು ದಿನ ಎರಡು ಹೊತ್ತೂ ನುಗ್ಗೆಕಾಯಿ ಸಾರು ಉಂಡ ಅಕ್ಕ ಫೋನಿನಲ್ಲಿ, "ಇನ್ನೆರಡು ಶರ್ಟು ಅವೆ ಕಣೋ, ಹಿತ್ತಲಲ್ಲಿ ಹಲಸಿನ ಮರ ಬೇರೆ ಅದೆ. ನಂಗೆ ಭಯ ಆಯ್ತದೆ" ಎಂದಳು. ಗೆರೆ ಗೆರೆಯ ಶರ್ಟಿನ ವರದಿ ಚಿಕ್ಕದು: "ಕುಂತ್ರೆ ಒಟ್ಟೆ ಮೇಲೆ ಬಾಯಿ ಬುಡ್ತದೆ. ಅದ್ನ ಆಕ್ಕಂಡ ದಿನ ಪಾಠ ನಿಂತ್ಕಂಡೇ ಮಾಡು."

ಕೋಟು ತೊಟ್ಟು ಸಾಲಗಾಮೆಯ ಒಂದು ಮದುವೆಗೆ ಹೋದರು. ಅಲ್ಲಿ ಯಾರೋ ಅಜ್ಜ ಇವರನ್ನು ದೊಡ್ಡ ಅಧಿಕಾರಿ ಎಂದುಕೊಂಡು, ತನ್ನ ಗದ್ದೆಯ ಕಾಲುವೆ ಹೂಳಿನ ಬಗ್ಗೆ ಒಂದು ಅರ್ಜಿ ಬರೆಸಿ ಕೈಗಿತ್ತನಂತೆ.

"ನಾನು ಅಧಿಕಾರಿ ಅಲ್ಲ ಅಂತ ಹೇಳಬಾರದಿತ್ತಾ ಭಾವ?"

"ಊಟದ ಎಲೆ ಮುಂದೆ ಕುಂತಿದ್ದ ಮುದ್ಕ ಕಣ್ಲಾ. ನಿರಾಸೆ ಮಾಡ್ಬಾರ್ದು. ಇಸ್ಕಂಡೆ. ಸೋಮ್ವಾರ ಓಗಿ ಸಂಬಂಧಪಟ್ಟೋರಿಗೆ ಕೊಟ್ಬುಟ್ಟು ಬಂದೆ. ಕೋಟು ಚೆನ್ನಾಗದೆ. ಬಾಗ್ಲಲ್ಲಿ ಯಾರೂ ತಡೀನಿಲ್ಲ."

ನನ್ನ ಹೆಂಡತಿಗೆ ಇದೆಲ್ಲ ತಮಾಷೆ. "ಅಣ್ಣ ಹಾಕ್ಕೊಂಡ್ರೆ ಹಾಕ್ಕೊಳ್ಳಲಿ ಬಿಡ್ರೀ. ಬಟ್ಟೆ ಹೋದ್ರೆ ಇನ್ನೊಂದು ಹೊಲಿಸ್ಬಹುದು. ನೀವ್ಯಾಕೆ ದಿನದಿಂದ ದಿನಕ್ಕೆ ಇಳಿದುಹೋಗ್ತಿದ್ದೀರಿ?" ಎಂದಳು. ನಾನು ಟೈ ಮೇಲೆ ತಪ್ಪು ಹೊರಿಸಿದೆ.

ಮಂಗಳವಾರದ ವಿಮಾನ. ಭಾನುವಾರ ಬೆಳಿಗ್ಗೆ ಖಾಲಿ ಸೂಟ್‌ಕೇಸು, ಪುಸ್ತಕಗಳ ಚೀಲ, ಹೊಸ ಬೂಟು, ಸಣ್ಣಪುಟ್ಟ ಸಾಮಾನು ಹೊತ್ತು ಹಳೇಕೋಟೆಗೆ ಹೋದೆ. ಅಂಗಳದಲ್ಲಿ ಆಲೂಗಡ್ಡೆ ಮೂಟೆ ತೂಗುವ ತೂಕದ ಯಂತ್ರ ಸಿದ್ಧವಾಗಿತ್ತು. ಭಾವ ಕೋಟು, ಟೈ, ಕೆಳಗೆ ಮಡಿಚಿ ಕಟ್ಟಿದ ಪಂಚೆಯಲ್ಲಿ ಅದರ ಪಕ್ಕ ನಿಂತಿದ್ದರು. ವಿಮಾನದವರು ಬಿಡುವುದು ಮೂವತ್ತು ಕಿಲೋ. ಇಸ್ತ್ರಿಯಾದ ಬಟ್ಟೆ, ಪುಸ್ತಕ, ಅಕ್ಕನ ಹುಚ್ಚೆಳ್ಳು ಚಟ್ನಿಪುಡಿ, ಹುರುಳಿಕಾಳು, ರಾಗಿಹಿಟ್ಟು ಎಲ್ಲ ತುಂಬಿ ಇಟ್ಟರೆ ಮೂವತ್ನಾಲ್ಕು.

"ರಾಗಿಹಿಟ್ಟು ತೆಗೀರಿ" ಎಂದೆ.

"ಪುಸ್ತುಕ ತಗಿ" ಎಂದರು ಭಾವ.

"ಪಾಠಕ್ಕೆ ಬೇಕು ಭಾವ."

"ಇಪ್ಪತ್ತೆರ್ಡು ವರ್ಸ ಹೇಳಿದೀಯ, ಇನ್ನೂ ತಲೇಗೆ ಓಗಿಲ್ವಾ? ಅಂಗಾದ್ರೆ ಆ ಐಕಳ ಗತಿ ಏನು?"

ಅಕ್ಕ ನಕ್ಕಳು. ನನಗೆ ನಗು ಬರಲಿಲ್ಲ. ಆ ಐಕಳ ಗತಿಯ ಚಿಂತೆಯಲ್ಲೇ ತಿಂಗಳು ಕಳೆದಿದ್ದವನು ನಾನು. ಜಗಲಿಯ ಮೇಲೆ ಕೂತೆ. "ಭಾವ, ನಾನು ಹೋಗೋದಿಲ್ಲ. ನನ್ನ ಕೈಲಾಗೋದಿಲ್ಲ. ಬರೆದಿಟ್ಟಿದ್ದೇನೆ, ಈಗ ಕಳಿಸಿಬಿಡ್ತೀನಿ" ಎಂದು ಫೋನು ತೆಗೆದೆ.

ಭಾವ ನನ್ನ ಫೋನನ್ನೊಮ್ಮೆ ನೋಡಿದರು. ಟೈ ಬಿಚ್ಚಿದರು. ಕೋಟು ಬಿಚ್ಚಿ, ತೋಳಿಗೆ ತೋಳು ಸೇರಿಸಿ ಮಡಿಚಿ, ಸೂಟ್‌ಕೇಸಿನ ಮೇಲಿಟ್ಟು, "ಸರಿ ಬುಡು. ಮನಸಿಲ್ದಿದ್ರೆ ಬ್ಯಾಡ" ಎಂದರು.

ಅಕ್ಕ ಬಿಡಲಿಲ್ಲ. "ಸರಿ ಬುಡು ಅಂತೆ. ಲೋ, ಇವ್ರು ಹದ್ನೈದು ದಿನ ಬಟ್ಟೆ ಪಳಗ್ಸಕ್ಕೆ ಸುತ್ತುದ್ರು ಅಂದ್ಕಂಡಿದೀಯಾ? ಯಾರಾದ್ರೂ ಕೇಳ್ಲಿ ಅಂತ ಸುತ್ತಿದ್ದು. ಇದ್ಯಾರ ಕೋಟು ಗೌಡ್ರೆ ಅಂತ ಯಾರಾದ್ರೂ ಕೇಳ್ಬೇಕು, ಇವ್ರು ನಮ್ ಬಾಮೈದುಂದು, ಹೊರದೇಸದಲ್ಲಿ ಮೇಷ್ಟ್ರಾಗಿ ಓಯ್ತಾವ್ನೆ ಅನ್ಬೇಕು. ದಿನಾ ಸಂಜೆ ಬಂದು ಇವತ್ತು ಯಾರ್ಯಾರು ಕೇಳುದ್ರು ಅಂತ ಹೆಸ್ರಿಡ್ದು ಹೇಳೋರು. ಕೇಳ್ದೆ ಹೋದೋರ್ನ ಇವ್ರೇ ನಿಲ್ಸಿ ಹೇಳವ್ರೆ."

"ನೀ ಸುಮ್ಕಿರಮ್ಮಿ" ಎಂದು ಭಾವ ತೂಕದ ಯಂತ್ರದ ಧೂಳು ಒರೆಸತೊಡಗಿದರು. ಅದರಲ್ಲಿ ಧೂಳು ಇರಲಿಲ್ಲ.

ನಾನು ಫೋನು ಹಿಡಿದೇ ಕೂತಿದ್ದೆ. ಭಾವ ನನ್ನ ಚೀಲದಿಂದ ಹೊಸ ಬೂಟು ತೆಗೆದು ಮುಂದಿಟ್ಟರು. "ಇದೊಂದು ನೋಡಕ್ಕಾಗ್ನಿಲ್ಲ. ನನ್ ಕಾಲ್ಗೆ ಇಡ್ಯಕಿಲ್ಲ. ಆಕ್ಕಂಡು ತೋರ್ಸು. ಓಗು ಅಂತ ಹೇಳ್ತಿಲ್ಲ, ಸುಮ್ಕೆ ತೋರ್ಸು."

ಕಾಲು ತೂರಿಸಿದೆ. ದಾರ ಕಟ್ಟಲು ಬಗ್ಗಿದರೆ ಎರಡು ಸಲ ಗಂಟು ಜಾರಿತು. ಭಾವ ನೋಡಿದರು. ಮಂಡಿಯೂರಿ ಕೂತು ನನ್ನ ಪಾದಕ್ಕೆ ಕೈ ಹಾಕಿದರು.

ಅವರ ಮದುವೆಯಲ್ಲಿ ಬಾಮೈದನಾಗಿ ಅವರ ಕಾಲು ತೊಳೆದವನು ನಾನು. ಅಕ್ಕನ ಗಂಡ ನನ್ನ ಕಾಲು ಮುಟ್ಟುವುದೆಂದರೇನು? "ಬೇಡ ಭಾವ" ಎಂದು ಕಾಲು ಎಳೆದುಕೊಂಡೆ. ಅವರು ಲಾಳ ಹೊಡೆಯುವಾಗ ಎತ್ತಿನ ಗೊರಸು ಹಿಡಿಯುವಂತೆ ಹಿಮ್ಮಡಿಯನ್ನು ಗಟ್ಟಿಯಾಗಿ ಹಿಡಿದರು.

"ಅಲ್ಲಾಡ್ಬ್ಯಾಡ ಕಣ್ಲಾ."

ನಾನು ಅಲ್ಲಾಡಲಿಲ್ಲ. ಎರಡೂ ಬೂಟಿಗೆ ಗಂಟು ಹಾಕಿದರು, ಎಳೆದು ನೋಡಿದರು. "ಎದ್ದು ಒಸಿ ನಡಿ. ಕಚ್ತದಾ ನೋಡಾನ" ಎಂದರು. ತಲೆ ಮಾತ್ರ ಎತ್ತಲಿಲ್ಲ.

ಎದ್ದು ನಡೆದೆ. ಅಂಗಳ ಮುಗಿದಲ್ಲಿ ನಿಂತೆ.

"ನಿಂತ್ಯಾಕೆ? ಓಗು, ಓಗು" ಎಂದರು ಹಿಂದಿನಿಂದ. ದನಿ ಮಾತ್ರ ಹೋಗಬೇಡ ಎನ್ನುತ್ತಿತ್ತು.

ಮಂಗಳವಾರ ಹೋದೆ.