ಮಜ್ಜಿಗೆ ಕುಡಿಯದ ಬೀಗರು

ನಮ್ಮ ಬೀಗರಿಗೆ ಒಂದು ಲೋಟ ಮಜ್ಜಿಗೆ ಕುಡಿಸಿದವರಿಗೆ ನಮ್ಮ ಹಿಪ್ಪುನೇರಳೆ ತೋಟದ ಅರ್ಧ ಬರೆದುಕೊಡುತ್ತೇನೆ ಎಂದು ಮೊನ್ನೆ ಮೊನ್ನೆಯವರೆಗೂ ನಾನು ಕಂಡಕಂಡವರ ಮುಂದೆ ಸವಾಲು ಹಾಕುತ್ತಿದ್ದೆ. ನಮ್ಮೆಜಮಾನರು ಗಾಬರಿಯಾಗಿ, "ತೋಟ ನನ್ನೆಸ್ರಲ್ಲೈತೆ ಕಣಮ್ಮಿ!" ಎನ್ನುತ್ತಿದ್ದರು. ಹೆದರಿಕೆ ಏಕೆ? ಆ ಮನುಷ್ಯ ಕುಡಿದರೆ ತಾನೇ!

ಬೀಗರೆಂದರೆ ನನ್ನ ಮಗಳ ಮಾವ. ಚನ್ನಪಟ್ಟಣದ ಹತ್ತಿರ ಅವರದೊಂದು ಚಾಕಿ ಮನೆ. ಮೊಟ್ಟೆಯಿಂದ ಈಗಷ್ಟೇ ಹೊರಬಂದ, ಕೂದಲೆಳೆಯಂಥ ರೇಷ್ಮೆ ಹುಳುವಿಗೆ ಎಳೆ ಸೊಪ್ಪು ಹಾಕಿ, ಸ್ವಲ್ಪ ಬಲಿತ ಮೇಲೆ ರೈತರಿಗೆ ಮಾರುವ ಜಾಗ. ರೇಷ್ಮೆ ಗೂಡಿಗೆ ಬೆಲೆ ಏರಿ, ರಾಮನಗರದ ಸುತ್ತ ರಾಗಿ ಹೊಲಗಳೆಲ್ಲ ಹಿಪ್ಪುನೇರಳೆ ತೋಟಗಳಾಗುತ್ತಿದ್ದ ಕಾಲ. ಚಾಕಿ ಮನೆಯವರಿಗೆ ಕೈತುಂಬ ಕೆಲಸ.

ಆಗ ಹುಳುವಿನ ಮೊಟ್ಟೆ ಮಾರುವ ಕಂಪನಿಯೊಂದು ಇವರ ಹತ್ತಿರ ಕರಾರು ಪತ್ರಕ್ಕೆ ಸಹಿ ಹಾಕಿಸಿಕೊಂಡಿತು. ಅಂಥ ಪತ್ರವನ್ನು ಯಾರಾದರೂ ಓದುತ್ತಾರೆಯೇ? ಸಹಿ ಹಾಕಿ ಬೀರುವಿಗೆ ಸೇರಿಸುತ್ತಾರೆ. ಇವರು ಓದಿಬಿಟ್ಟರು! "ಈ ವ್ಯವಹಾರದಲ್ಲಿ ಕೊಡುವವರಾಗಲಿ, ಕೊಳ್ಳುವವರಾಗಲಿ, ಅವರ ಸಂಬಂಧಿಕರಾಗಲಿ ಒಬ್ಬರಿಂದೊಬ್ಬರು ಉಡುಗೊರೆ, ಊಟೋಪಚಾರ, ಬೆಲೆಬಾಳುವ ಯಾವುದನ್ನೂ ಪಡೆಯತಕ್ಕದ್ದಲ್ಲ. ಪಡೆದರೆ ಲಂಚವೆಂದು ಎಣಿಸಿ ಕರಾರು ರದ್ದು." ನಾಲ್ಕನೇ ಕ್ಲಾಸಿಗೇ ಇಸ್ಕೂಲು ಬಿಟ್ಟ ನನಗೆ ಇದು ಹೇಗೆ ಬಾಯಿಪಾಠವಾಯಿತು ಅಂತೀರಾ? ನಮ್ಮ ತೋಟದ ಎಳೆ ಸೊಪ್ಪು ಅವರ ಚಾಕಿ ಮನೆಗೆ ಹೋಗಲು ಶುರುವಾದಾಗ, ಬೀಗರು ನಮ್ಮಿಂದಲೂ ಇದೇ ಮಾತು ಬರೆಸಿಕೊಂಡರು, ಅದೂ ಹೆಣ್ಣು ಕೊಟ್ಟ ಮನೆಯಿಂದ!

ಅವತ್ತಿನಿಂದ ಅವರು ನಮ್ಮ ಮನೆಯಲ್ಲಿ ಹಲ್ಲಿಗೆ ನೀರು ಸೋಕಿಸಿದ್ದಿಲ್ಲ. ಸೊಪ್ಪು ನೋಡಲು ಬರುವಾಗ ಬಾಟಲಿಯಲ್ಲಿ ನೀರು ತರುವರು. ಒಂದು ಸಲ ಉರಿಬಿಸಿಲಲ್ಲಿ ಬಾಟಲಿ ಬರಿದಾಯಿತು.

"ಮಜ್ಜಿಗೆ ಬ್ಯಾಡ್ದಿದ್ರೆ ಬುಡಿ ಬೀಗ್ರೇ, ನೀರಾದ್ರೂ ಕುಡೀರಿ. ನೀರಿಗೇನ್ ಬೆಲೆ?" ಎಂದೆ.

"ನೀರಿಗೆ ಬೆಲೆ ಇಲ್ವಾ ತಾಯಿ? ಬೋರ್ ಕೊರೆಸಿದೋರ್ನ ಕೇಳಿ ನೋಡಿ!" ಎಂದು ಬಿಸಿಲಲ್ಲೇ ಹೊರಟರು.

ನಾನೇನು ಕಡಿಮೆಯೇ? ಒಂದು ಹಲಸಿನ ಹಣ್ಣನ್ನು ಸೊಪ್ಪಿನ ಹೊರೆಯೊಳಗೆ ಬಚ್ಚಿಟ್ಟು ಟೆಂಪೋ ಹತ್ತಿಸಿದೆ. ಸಂಜೆಗೆ ಅದೇ ಟೆಂಪೋದಲ್ಲಿ ಹಣ್ಣು ಗಮಗಮ ಅನ್ನುತ್ತಾ ವಾಪಸ್ಸು! ಡ್ರೈವರ್ ಅಳುಮುಖ ಮಾಡಿಕೊಂಡು, "ಅಮ್ಮೋ, ಇನ್ಮ್ಯಾಕೆ ಹಿಂಗ್ ಮಾಡ್ಬ್ಯಾಡಿ. ದಾರೀಲಿ ಕುಯ್ದು ಒಂದ್ ತೊಳೆ ತಿನ್ಲಾ ಅಂದೆ. ಅದೂ ಲಂಚವೇ ಕಣ್ಲಾ ಅಂತ ನಿಮ್ ಬೀಗ್ರು ನಿಲ್ಲಿಸ್ಕಂಡು ಬುದ್ಧಿ ಹೇಳುದ್ರು" ಎಂದ. ಆ ಹಣ್ಣನ್ನು ಅವನೇ ಕುಯ್ದು ತಿಂದ ಎನ್ನಿ. ಇನ್ನು ಅಳಿಯಂದಿರು? ನಮ್ಮ ಮನೆಗೆ ಬಂದರೆ ಕೋಳಿಸಾರು, ಮುದ್ದೆ ಚೆನ್ನಾಗಿ ಬಾರಿಸಿ, ಕೈ ತೊಳೆಯುತ್ತಾ, "ಅತ್ತೆ, ಅಪ್ಪಂಗೆ ಮಾತ್ರ ಹೇಳ್ಬ್ಯಾಡಿ" ಎನ್ನುವರು!

ಹೀಗೆ ನಗುನಗುತ್ತಾ ನಡೆದಿತ್ತು. ಅಷ್ಟರಲ್ಲಿ ನನ್ನ ಮೊಮ್ಮಗಳು ಹುಟ್ಟಿದಳು! ಅಯ್ಯೋ, ಆ ಚೆಲುವೆಯನ್ನು ಏನೆಂದು ಬರೆಯಲಿ? ಹುಳು ಪೊರೆ ಬಿಡುವ ಜ್ವರದಿಂದ ಎದ್ದು ತಲೆಯೆತ್ತಿ ಸೊಪ್ಪು ಹುಡುಕುತ್ತದಲ್ಲ, ಹಾಗೇ ತಲೆಯಾಡಿಸಿ ಹಾಲು ಹುಡುಕುವಳು. ಊರಿಗೆಲ್ಲ ಸಕ್ಕರೆ ಹಂಚಿದೆ. ಬೀಗರು ಓಡೋಡಿ ಬಂದರು. ಬಟ್ಟೆಯಲ್ಲಿ ಸುತ್ತಿದ ಕೂಸನ್ನು, "ತಗಳಿ ಬೀಗ್ರೇ, ನಿಮ್ಮ ಮೊಮ್ಮಗಳು" ಎಂದು ಚಾಚಿದೆ.

ಬೀಗರು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು! ಇಣುಕಿ ನೋಡಿದರು, ಹೊರಟೇ ಹೋದರು.

ಹೆಣ್ಣಾಯಿತೆಂದು ಬೇಸರವೇ? ಹೀಗಾದರೆ ನನ್ನ ಮಗಳು ಆ ಮನೆಯಲ್ಲಿ ಬಾಳುವುದು ಹೇಗೆ? ಯಾರನ್ನು ಕೇಳುವುದು? ನಗು ನಿಂತುಹೋಯಿತು.

ಹೆಸರಿಡುವ ದಿನ ಬಂತು. ತೊಟ್ಟಿಲು ಕೊಡುವುದು ತಾಯಿ ಮನೆಯವರ ಪದ್ಧತಿ. ಚನ್ನಪಟ್ಟಣದಲ್ಲೇ ಹೇಳಿ ಮಾಡಿಸಿದ, ಅರಗಿನ ಕೆಂಪು ಹಳದಿ ಬಣ್ಣ ಫಳಫಳ ಹೊಳೆಯುವ ತೊಟ್ಟಿಲು. ಬೀಗರು ಅದನ್ನು ದೂರದಿಂದಲೇ ನೋಡಿ, "ಇದು ನಮ್ಮನೆಗೆ ಬರಂಗಿಲ್ಲ ತಾಯಿ. ಕರಾರೈತಲ್ಲ" ಎಂದರು.

ನನಗೆ ತಡೆಯಲಾಗಲಿಲ್ಲ. "ಹಂಗಾರೆ ಒಂದ್ ಮಾತು ಹೇಳ್ಬುಡಿ ಬೀಗ್ರೇ. ಈ ಕೂಸು ಯಾರ ಕಡೇದು? ಸೊಪ್ಪು ಕೊಡೋರ ಸಂಬಂಧೀನೋ, ತಗಳ್ಳೋರ ಸಂಬಂಧೀನೋ?"

ಬಂದವರೆಲ್ಲ ಗೊಳ್ಳೆಂದು ನಕ್ಕರು. ಬೀಗರು ನಗಲಿಲ್ಲ. ಜಗಲಿಯ ಮೇಲೆ ಕುಳಿತು, ಕಷ್ಟದ ಲೆಕ್ಕ ಬಿಡಿಸುವವರಂತೆ ಬಹಳ ಹೊತ್ತು ಯೋಚಿಸಿದರು.

"ಎಲ್ಡೂ ಕಡೇದು," ಎಂದರು ಕೊನೆಗೆ. ಆಮೇಲೆ ತಗ್ಗಿದ ದನಿಯಲ್ಲಿ, "ನನ್ನ ಹುಚ್ಚ ಅಂತೀರಿ. ಮೊದ್ಲು ಒಬ್ರತ್ರ ಮೊಟ್ಟೆ ತಗತಿದ್ದೆ. ಅವ್ರ ಮನೇಲಿ ಬಾಡೂಟ ಚೆನ್ನಾಗಿ ಉಂಡಿದ್ದೆ. ಮೊಟ್ಟೆ ರೋಗದ್ದು ಬಂತು. ನೋಡುದ್ರೂ ಕೇಳಕೆ ನನ್ ಬಾಯಿ ಬರ್ಲಿಲ್ಲ. ಉಂಡ ಬಾಯಲ್ವಾ? ನನ್ನ ನಂಬಿ ಹುಳ ಒಯ್ದ ರೈತ್ರ ಬೆಳೆಯೆಲ್ಲ ತಿಪ್ಪೆ ಸೇರ್ತು. ನಿಮ್ ಕೈಯಿಂದ ಈ ಬಂಗಾರದಂಥ ಕೂಸ್ನ ತಗಂಡ್ಮೇಲೆ ನಾಳೆ ಬಲ್ತ ಸೊಪ್ಪು ಬಂದ್ರೆ, ಬ್ಯಾಡ ಅನ್ನಕೆ ನಂಗೆ ಬಾಯೆಲ್ಲಿ ಬಂದಾತು ತಾಯಿ?"

ಬೀಗರು ಎದ್ದು ನಿಂತರು.

"ಇವತ್ತಿಂದ ನಿಮ್ ಸೊಪ್ಪು ನಂಗೆ ಬ್ಯಾಡ. ಕರಾರು ರದ್ದು."

"ಯಾಕ್ ಬೀಗ್ರೇ, ಸೊಪ್ಪು ಚೆನ್ನಾಗಿಲ್ವಾ?" ಎಂದರು ನಮ್ಮೆಜಮಾನರು.

"ಇಂಥ ಸೊಪ್ಪು ಸುತ್ತಮುತ್ಲಲ್ಲೆಲ್ಲೂ ಇಲ್ಲ. ಅದುಕ್ಕೇ ಕೂಸ್ನ ಮುಟ್ದೆ ತಡ್ಕಂಡಿದ್ದೆ. ಇನ್ನ ಆಗಕಿಲ್ಲ. ಕೊಡಿ ತಾಯಿ," ಎಂದು ಎರಡೂ ಕೈ ಚಾಚಿದರು.

ಆ ಕೈಗಳಲ್ಲಿ ಕೂಸನ್ನು ಇಟ್ಟೆ. ಅವಳು ಅವರ ಹೆಬ್ಬೆರಳನ್ನು ಹಿಡಿದವಳು ಬಿಡಲೇ ಇಲ್ಲ. ಬೀಗರು ತಲೆಯೆತ್ತದೆ, ಕಣ್ಣು ಒರೆಸಿಕೊಳ್ಳಲು ಕೈ ಬಿಡುವಿಲ್ಲದೆ, "ತಾಯಿ, ಒಸಿ ಮಜ್ಜಿಗೆ ಇದ್ರೆ ಕೊಡಿ" ಎಂದರು.

ಲೋಟವನ್ನು ನಾನೇ ಅವರ ತುಟಿಗೆ ಹಿಡಿದೆ. ಆದರೆ ಕುಡಿಸಿದವಳು ನಾನಲ್ಲವಲ್ಲ! ನಮ್ಮೆಜಮಾನರ ಕಡೆ ತಿರುಗಿದೆ. ಅವರು ಮೊಮ್ಮಗಳನ್ನೇ ನೋಡುತ್ತಾ, "ಅರ್ಧ ಯಾಕಮ್ಮಿ," ಎಂದರು, "ಪೂರ್ತಿ ತೋಟಾನೇ ಬರ್ದ್ಬುಡಾನ."