ಇಲ್ಲಿ ಒಗ್ಗರಣೆ ಹಾಕಿದರೆ?

ಅಷ್ಟೊಂದು ಅರಮನೆ, ಮ್ಯೂಸಿಯಂ ಸುತ್ತಿಯೂ ಒಳಗಿನ ಒಂದೇ ಒಂದು ವಸ್ತುವನ್ನು ನೋಡದ ಮಹಾನುಭಾವರು ಇದ್ದರೆ ಅದು ನಮ್ಮ ದೊಡ್ಡಪ್ಪ! ಕತ್ತಿ, ಕಿರೀಟ, ಸಿಂಹಾಸನ ಯಾವುದೂ ಅವರಿಗೆ ಬೇಡ. ಒಳಗೆ ಕಾಲಿಟ್ಟವರೇ ಕತ್ತೆತ್ತಿ ಚಾವಣಿ ನೋಡಿ ಕೇಳುತ್ತಾರೆ: “ಇಲ್ಲಿ ಒಗ್ಗರಣೆ ಹಾಕಿದ್ರೆ ಘಾಟು ಎಲ್ಲಿಗೆ ಹೋಗ್ತದೆ?”

ಮುಂಬಯಿಯ ಗ್ರಾಂಟ್ ರೋಡಿನ ಉಡುಪಿ ಹೋಟೆಲೊಂದರಲ್ಲಿ ಜೀವಮಾನವಿಡೀ ಅಡುಗೆ ಮಾಡಿದವರು ಬೇರೇನು ಕೇಳಿಯಾರು? ಅವರಿಗೇನೂ ಘಾಟು ತಾಗುವುದಿಲ್ಲ, ಅವರಿಗಿಂತ ಮೊದಲೇ ಅವರ ಮೂಗು ರಿಟೈರ್ ಆಗಿದೆ. ತಾಗುವುದು ದೊಡ್ಡಮ್ಮನಿಗೆ. ಸಯನ್‌ನ ಅವರ ಪುಟ್ಟ ಅಡುಗೆಮನೆಯಲ್ಲಿ ಒಣಮೆಣಸು ಎಣ್ಣೆಗೆ ಬಿತ್ತೋ, ಕೆಮ್ಮು ಶುರು. ಈಚೆಗಂತೂ ಉಸಿರೇ ಕಟ್ಟುತ್ತಿತ್ತು. ಡಾಕ್ಟರು ಒಗ್ಗರಣೆ ಬಿಡಿ ಎಂದರು. “ಅದಕ್ಕಿಂತ ಡಾಕ್ಟರನ್ನೇ ಬಿಡ್ತೇನೆ” ಎಂದರು ದೊಡ್ಡಮ್ಮ. ಫ್ಯಾನ್ ಹಾಕಿಸಿದ್ದಾಯಿತು. ಅದು ಸದ್ದು ಮಾಡಿತೇ ಹೊರತು ಘಾಟನ್ನು ಅಲುಗಿಸಲಿಲ್ಲ.

“ರಾಜರು ಗಾಳಿಗೆ ಎಂತ ಮಾಡಿದ್ರು, ನೋಡಿ ಬರುವ” ಎಂದು ದೊಡ್ಡಪ್ಪ ಹೊರಟೇಬಿಟ್ಟರು. ದಾದರ್‌ನಲ್ಲಿ ನೌಕರಿ, ಭಾನುವಾರ ರಜೆ ಇರುವ ನಾನು ಸಿಕ್ಕಿಬಿದ್ದೆ.

ಮೊದಲು ಮುಂಬಯಿಯದೇ ಒಂದು ಮ್ಯೂಸಿಯಂ. ಗುಮ್ಮಟ ಸರಿಯಾಗಿ ಕಾಣಲೆಂದು ದೊಡ್ಡಪ್ಪ ನೆಲದ ಮೇಲೆ ಅಂಗಾತ ಮಲಗಿದರು. ತಲೆಸುತ್ತಿ ಬಿದ್ದರೆಂದು ವಾಚ್‌ಮನ್ ಓಡಿ ಬಂದ.

“ಕಾಕಾ, ಚಕ್ಕರ್ ಆಯಾ ಕ್ಯಾ?”

“ನಹೀ ಭಾಯ್, ಧುವಾಂ ಕಿಧರ್ ಜಾತಾ, ದೇಖ್ತಾ ಹೂಂ.”

ಹೊಗೆ ಎಂದದ್ದೇ ತಡ, ಆತ ಸೀಟಿ ಊದಿ ಅರ್ಧ ಮ್ಯೂಸಿಯಂ ಖಾಲಿ ಮಾಡಿಸಿದ!

ಆಮೇಲೆ ನನಗೆ ರಜೆ ಹಾಕಿಸಿ ಎಳೆದೊಯ್ದ ಜೈಪುರದ ಅರಮನೆಯಲ್ಲಿ ಗೋಡೆಗಿಂತ ಕಿಟಕಿಯೇ ಜಾಸ್ತಿ. ದೊಡ್ಡಪ್ಪ ಒಂದೊಂದಕ್ಕೂ ಕರವಸ್ತ್ರ ಹಿಡಿದು ಗಾಳಿ ಪರೀಕ್ಷಿಸಿದರು. ರಾಣಿಯರು ಇಲ್ಲಿ ಕೂತು ಮೆರವಣಿಗೆ ನೋಡುತ್ತಿದ್ದರೆಂದು ಗೈಡ್ ಹೇಳಿದರೆ, ಇವರು ನನ್ನನ್ನು ತಿವಿದು, “ಅಡುಗೆಯವ ಎಲ್ಲಿ ಕೂರ್ತಿದ್ದ, ಕೇಳು ಮಾರಾಯ!” ಎಂದರು. ಗೈಡ್ ನಮ್ಮಿಬ್ಬರನ್ನೂ ಬಿಟ್ಟು ಮುಂದಿನ ಕಿಟಕಿಗೆ ಹೋದ.

ಕೊನೆಗೆ ಮುಂಬಯಿ ಕೋಟೆ ಪ್ರದೇಶದ ಹಳೇ ಕಲ್ಲುಕಟ್ಟಡದ ಪುಸ್ತಕದಂಗಡಿ. ಜಗತ್ತಿನಲ್ಲಿ ಯಾವ ಗಿರಾಕಿಯಾದರೂ ಕಪಾಟುಗಳ ನಡುವೆ ಊದುಬತ್ತಿ ಹಚ್ಚಿದ್ದುಂಟೇ? ದೊಡ್ಡಪ್ಪ ಹಚ್ಚಿದರು. ಹೊಗೆ ನೆಟ್ಟಗೆ ಮೇಲೇರಿ ಚಾವಣಿಯ ಕಿಂಡಿಯಿಂದ ಪಾರಾಯಿತು. ನಾವು ಮ್ಯಾನೇಜರ್ ತೋರಿಸಿದ ಬಾಗಿಲಿನಿಂದ ಪಾರಾದೆವು!

“ಸಿಕ್ಕಿತು ಮಾರಾಯ! ಬಿಸಿ ಗಾಳಿಗೆ ಮೇಲೆ ದಾರಿ ಬೇಕು. ನಮ್ಮ ಅಡುಗೆಮನೆಯಲ್ಲೂ ಮೇಲೆ ವೆಂಟಿಲೇಟರ್ ಉಂಟು. ಅದಕ್ಕೆ ಅಡ್ಡ ಎಂತ ಉಂಟು ಹೇಳು?”

ಲಾಫ್ಟ್! ಒಲೆಯ ಮೇಲಿನ ಆ ಅಟ್ಟದ ತುಂಬ ದೊಡ್ಡಮ್ಮನ ತವರಿನ ಹಿತ್ತಾಳೆ ಪಾತ್ರೆಗಳು. ಮರುವಾರವೇ ಲಾಫ್ಟ್ ಒಡೆಸಿದರು. ಹಂಡೆ, ಕೊಪ್ಪರಿಗೆಗಳು ಹಾಲ್‌ಗೆ ಬಂದು ಕೂತವು, ಮನೆಯವರು ನಿಂತರು.

ಪರೀಕ್ಷೆಯ ದಿನ ಹೌಸಿಂಗ್ ಸೊಸೈಟಿಯ ಸೆಕ್ರೆಟರಿಯೂ ಹಾಜರು. “ಕಾಯ್ ಕರತಾಯ್ ಕಾಕಾ?” ಎಂದು, ಏನು ಮಾಡುತ್ತಿದ್ದೀರೆಂದು ಮರಾಠಿಯಲ್ಲಿ ಕೇಳುವಷ್ಟರಲ್ಲಿ ದೊಡ್ಡಪ್ಪ ಹನ್ನೆರಡು ಒಣಮೆಣಸು ಎಣ್ಣೆಗೆ ಹಾಕಿಯೇಬಿಟ್ಟರು. ಘಾಟು ಎದ್ದಿತು, ಸ್ವಲ್ಪ ಯೋಚಿಸಿತು, ಆಮೇಲೆ ವೆಂಟಿಲೇಟರಿನಲ್ಲಿ ಹೊರಟುಹೋಯಿತು. ಒಲೆಯ ಪಕ್ಕದಲ್ಲೇ ನಿಂತ ದೊಡ್ಡಮ್ಮನ ಮುಖವನ್ನೇ ಎಲ್ಲರೂ ನೋಡಿದೆವು. ಒಂದು ಕೆಮ್ಮೂ ಇಲ್ಲ! ಮೇಲಿನ ಮಹಡಿಯಲ್ಲಿ ಯಾರೋ ಸೀನಿದರು. ದೊಡ್ಡಪ್ಪ ಸೌಟು ಎತ್ತಿಕೊಂಡು ಕುಣಿದರು.

ಕುಣಿಯುವಾಗ ಅವರ ಕಿಸೆಯಿಂದ ಡೈರಿ ಬಿತ್ತು. ಪ್ರಯಾಣದುದ್ದಕ್ಕೂ ನನಗೆ ತೋರಿಸದೆ ಬರೆಯುತ್ತಿದ್ದ ಡೈರಿ. ಕಂಬ, ಕಮಾನುಗಳ ವರ್ಣನೆ ಇದ್ದೀತೆಂದು ತೆರೆದೆ.

‘ಮ್ಯೂಸಿಯಂ: ಇಲ್ಲಿ ಅವಳು ಕೆಮ್ಮುದಿಲ್ಲ.’

‘ಜೈಪುರ: ಇಲ್ಲಿಯೂ ಕೆಮ್ಮುದಿಲ್ಲ.’

‘ಪುಸ್ತಕದಂಗಡಿ: ಕೆಮ್ಮುದೇ ಇಲ್ಲ.’

ಇಷ್ಟು ದಿನ ನಕ್ಕಿದ್ದಕ್ಕೆ ನನಗೇ ನಾಚಿಕೆಯಾಯಿತು. ದೊಡ್ಡಪ್ಪ ಡೈರಿ ಕಿತ್ತುಕೊಂಡರು. ಒಮ್ಮೆ ದೊಡ್ಡಮ್ಮನ ಕಡೆ ನೋಡಿ, ಎಣ್ಣೆಗೈಯಲ್ಲೇ ಇನ್ನೊಂದು ಸಾಲು ಬರೆದರು:

‘ಸಯನ್: ಕೆಮ್ಮಲಿಲ್ಲ.’