ಭೋರಡಿ ಹಿಂಡೂ ನನ್ನ ಬಾಯಿಯೂ

ಬಾಯಿ ಮುಚ್ಚಿಕೊಂಡಿರುವುದು ಒಂದು ವಿದ್ಯೆ. ಅದು ನನಗೆ ಒಲಿಯಲಿಲ್ಲ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಎಲ್ಲರೂ ಸುಮ್ಮನಿರಬೇಕಾದ ಹೊತ್ತಿಗೆ ಸರಿಯಾಗಿ ನನ್ನ ಗಂಟಲು ಎದ್ದು ನಿಲ್ಲುತ್ತದೆ. ಚಿಕ್ಕೋಡಿಯ ಕಾಲೇಜೊಂದರ ಆಫೀಸಿನಲ್ಲಿ ಬಹಳ ವರ್ಷದಿಂದ ಗುಮಾಸ್ತನಾಗಿದ್ದೇನೆ. ನನ್ನನ್ನು ಹುಡುಕಲು ಪ್ರಾಚಾರ್ಯರು ಯಾರನ್ನೂ ಕಳಿಸುವುದಿಲ್ಲ, ನಾನು ಯಾವ ಮಹಡಿಯಲ್ಲಿದ್ದೇನೆಂದು ಇಡೀ ಕಟ್ಟಡಕ್ಕೆ ಕೇಳಿಸುತ್ತಿರುತ್ತದೆ. ಇಂಥವನನ್ನು ಹಕ್ಕಿ ನೋಡಲು ಕರೆದುಕೊಂಡು ಹೋದದ್ದು ನನ್ನ ಹೆಂಡತಿ ಸುನಂದೆಯ ತಪ್ಪೇ ಹೊರತು ನನ್ನದಲ್ಲ. ಹೀಗೆಂದು ಅವಳಿಗೂ ಹೇಳಿ ನೋಡಿದೆ. ಪ್ರಯೋಜನವಾಗಲಿಲ್ಲ.

ಈ ಗಂಟಲಿಗೂ ಒಂದು ಇತಿಹಾಸವಿದೆ. ನಾನು ಐಗಳಿಯವನು. ಈಗ ನಮ್ಮ ಹೊಲದಲ್ಲಿ ದ್ರಾಕ್ಷಿ ಇದೆ, ನಾನು ಚಿಕ್ಕವನಿದ್ದಾಗ ಬಿಳಿಜೋಳ ಇತ್ತು. ತೆನೆ ಹಾಲುಗಟ್ಟುವ ಹೊತ್ತಿಗೆ ಎಲ್ಲಿಂದಲೋ ಭೋರಡಿ ಹಕ್ಕಿಗಳು ಬರುತ್ತಿದ್ದವು. ಮೈನಾದಷ್ಟೇ ಗಾತ್ರ, ತಲೆ ರೆಕ್ಕೆ ಕಪ್ಪು, ಮೈ ಮಾತ್ರ ತಿಳಿ ಗುಲಾಬಿ. ಒಂದು ಬಂದರೆ ನೋಡಲು ಚೆಂದ. ಆದರೆ ಭೋರಡಿ ಒಂದೇ ಬಂದದ್ದನ್ನು ನಮ್ಮೂರಲ್ಲಿ ಯಾರೂ ಕಂಡಿಲ್ಲ. ಸಾವಿರಗಟ್ಟಲೆ ಬಂದು ಇಳಿದರೆ ತೆನೆಯಲ್ಲಿ ಕಾಳು ಉಳಿಯುತ್ತಿರಲಿಲ್ಲ. ಹೊಲದ ನಡುವೆ ನಾಲ್ಕು ಕಂಬದ ಮೇಲೊಂದು ಅಟ್ಟ, ಕೈಯಲ್ಲಿ ಕವಣೆ, ಪಕ್ಕದಲ್ಲಿ ಬಡಿಯಲು ಎಣ್ಣೆಯ ಖಾಲಿ ಡಬ್ಬ, ಅದರ ಪಕ್ಕದಲ್ಲಿ ನಾನು. ಹಕ್ಕಿ ಕಾಯುವುದಕ್ಕೆ ಒಂದು ಕಟ್ಟಳೆ ಇತ್ತು. ಒಬ್ಬ ಕೂಗಿದರೆ ಪಕ್ಕದ ಹೊಲದವನೂ ಕೂಗಲೇಬೇಕು, ಯಾಕೆಂದರೆ ಇಲ್ಲಿಂದ ಎದ್ದ ಹಿಂಡು ಸುಮ್ಮನೆ ಕೂತವನ ಹೊಲಕ್ಕೇ ಇಳಿಯುತ್ತದೆ. ಅವನು ಕೂಗಿದ ಮೇಲೆ ಅವನಾಚೆಯವನು. ಹೀಗೆ ಕೂಗು ಹೊಲದಿಂದ ಹೊಲಕ್ಕೆ ಹಾಯ್ದು ಊರ ಸೀಮೆ ದಾಟುತ್ತಿತ್ತು. “ಹಕ್ಕಿ ಕಂಡ್ ಕೂಡ್ಲೆ ಬಾಯಿ ತೆರಿಬೇಕ್ ನೋಡಲೇ, ವಿಚಾರ ಮಾಡ್ಕೋತ ಕುಂತ್ರ ಕಣಕ್ಕ ಬರೇ ದಂಟ ಬರ್ತಾವ” ಎಂದು ಅಪ್ಪ ಹೇಳುತ್ತಿದ್ದ. ಅಪ್ಪ ಹೇಳಿದ ನೂರು ಮಾತಿನಲ್ಲಿ ನಾನು ಪಾಲಿಸಿದ್ದು ಅದೊಂದನ್ನೇ.

ಸುನಂದೆ ಕಬ್ಬೂರಿನವಳು, ಪ್ರಾಥಮಿಕ ಶಾಲೆಯ ಟೀಚರು. ಮಗಳು ಒಂದು ದುರ್ಬೀನು ತಂದುಕೊಟ್ಟ ಮೇಲೆ ಇವಳಿಗೆ ಹಕ್ಕಿಯ ಹುಚ್ಚು ಹಿಡಿಯಿತು. ನೂರು ಪುಟದ ನೋಟುಬುಕ್ಕಿನಲ್ಲಿ ಗೆರೆ ಎಳೆದು ಹೆಸರು, ಜಾಗ, ಸ್ವಭಾವ ಎಂದು ಬರೆದಿಡುತ್ತಾಳೆ. ನಮ್ಮ ಮನೆಯ ಹಿತ್ತಲಿನ ಕಾಗೆಗಳಿಗೂ ಸ್ವಭಾವ ಇರುವುದು ನನಗೆ ಗೊತ್ತಾದದ್ದು ಅದರಿಂದಲೇ. ಅವಳ ಒಂದೇ ಆಸೆ, ಸಂಜೆ ಗೂಡು ಸೇರುವ ಮುಂಚೆ ಭೋರಡಿಗಳು ಆಕಾಶದಲ್ಲಿ ಆಡುವುದನ್ನು ನೋಡಬೇಕು. ಒಂದು ವರ್ಷ ಜ್ವರ, ಒಂದು ವರ್ಷ ಯಾರದೋ ಮದುವೆ, ಮತ್ತೊಂದು ವರ್ಷ ನಾವು ಹೋಗುವಷ್ಟರಲ್ಲಿ ಹಕ್ಕಿಗಳೇ ಹೋಗಿದ್ದವು. ಈ ಬೇಸಿಗೆಗೆ ಅವಳ ಮೊಣಕಾಲಿನ ಆಪರೇಷನ್ ಇದೆ. ಮುಂದಿನ ಚಳಿಗಾಲಕ್ಕೆ ಕೆರೆ ಏರಿ ಹತ್ತಲು ಆಗುತ್ತದೋ ಇಲ್ಲವೋ ಎಂಬ ಹೆದರಿಕೆ ಅವಳಿಗೆ. ಅದಕ್ಕೇ ಹೊರಡುವಾಗ ಬೆರಳು ತೋರಿಸಿ ಹೇಳಿದಳು: “ಕೆರಿ ಮ್ಯಾಲ ನೀವು ತುಟಿಪಿಟಕ್ ಅನ್ನಂಗಿಲ್ಲ. ಕೆಮ್ಮು ಬಂದ್ರ ನುಂಗ್ರಿ.”

ಸ್ಕೂಟರಿನಲ್ಲಿ ಕಬ್ಬೂರು ದಾಟಿ ದಿಗ್ಗೇವಾಡಿಯ ಕಡೆ ಹೊರಟೆವು. ಕಬ್ಬಿನ ಟ್ರ್ಯಾಕ್ಟರುಗಳು ಒಂದು ಮರಾಠಿ ಹಾಡು, ಒಂದು ಕನ್ನಡ ಹಾಡು ಹಚ್ಚಿಕೊಂಡು ಎದುರಾಗುತ್ತಿದ್ದವು. ಕಟಾವಾದ ಹೊಲದಲ್ಲಿ ಬೆಳ್ಳಕ್ಕಿಗಳು ಕೆಲಸಗಾರರ ಹಿಂದೆಯೇ ಮೇಸ್ತ್ರಿಗಳ ಹಾಗೆ ನಡೆಯುತ್ತಿದ್ದವು. ಕುರುಚಲು ಕಾಡಿನ ತಿರುವಿನಲ್ಲಿ ನವಿಲೊಂದು ಬಾಲವನ್ನೆಲ್ಲ ಎಳೆದುಕೊಂಡು ರಸ್ತೆ ದಾಟಿತು. ಸುನಂದೆ ಸಂತೋಷಕ್ಕೆ ನನ್ನ ಬೆನ್ನಿಗೆ ಗುದ್ದಿದಳು. ನಾನು ತುಟಿ ಬಿಚ್ಚಲಿಲ್ಲ. ಆ ಹೊತ್ತಿನಲ್ಲಿ ನನ್ನ ಬಗ್ಗೆ ನನಗೇ ಬಹಳ ಗೌರವ ಹುಟ್ಟಿತು.

ಕೆರೆಯ ಒಂದು ದಂಡೆಗೆ ಜಾಲಿಯ ಮುಳ್ಳುಕಂಟಿ, ಇನ್ನೊಂದು ದಂಡೆಗೆ ಜೋಳದ ಹೊಲಗಳು, ಅವುಗಳಾಚೆ ನದಿ. ಏರಿಯ ಮೇಲೆ ಸನಿಕೆ ಊರಿಕೊಂಡು ನಿಂತಿದ್ದವರು ಪಕ್ಕದ ಹೊಲದ ಒಡೆಯ ಬಾಪುಸಾಹೇಬರು. “ಭೋರಡಿ ನೋಡಾಕ ಪೆಟ್ರೋಲ್ ಸುಟ್ಕೊಂಡ್ ಬಂದೀರಿ? ಬೇಕಂದ್ರ ಎಲ್ಲಾ ಮನೀಗ್ ಒಯ್ರಿ, ನಾ ಏನ್ ಬ್ಯಾಡ ಅನ್ನಂಗಿಲ್ಲ” ಎಂದು ನಕ್ಕರು. ಸುನಂದೆ ತುಟಿಯ ಮೇಲೆ ಬೆರಳಿಟ್ಟು ಅವರನ್ನೂ ಸುಮ್ಮನಾಗಿಸಿದಳು. ಟೀಚರ ಬೆರಳು ಎಂದರೆ ಯಾವ ವಯಸ್ಸಿನವರೂ ಕೇಳುತ್ತಾರೆ.

ಹೊತ್ತು ಮುಳುಗುವ ದಿಕ್ಕಿನಲ್ಲಿ ಸಕ್ಕರೆ ಕಾರ್ಖಾನೆಯ ಹೊಗೆಯಂಥದೊಂದು ಕಂಡಿತು. ನಾನು ಹೊಗೆಯೆಂದೇ ತಿಳಿದೆ. ಆಮೇಲೆ ಆ ಹೊಗೆ ತಿರುಗಿತು. ಉದ್ದವಾಯಿತು, ಗುಂಡಗಾಯಿತು, ನಡುವೆ ಸೀಳಿ ಮತ್ತೆ ಕೂಡಿತು. ಬಿಸಿಲಿಗೆ ಮೈ ಕೊಟ್ಟಾಗ ಇಡೀ ಆಕಾಶದ ತುಂಡೊಂದು ಗುಲಾಬಿಯಾಗಿ, ಮರುಕ್ಷಣ ಕಪ್ಪಾಯಿತು. ಅಷ್ಟು ಸಾವಿರ ಹಕ್ಕಿ, ಒಂದಕ್ಕೊಂದು ತಾಗುವುದಿಲ್ಲ, ಯಾರೂ ಅಪ್ಪಣೆ ಕೊಡುವುದಿಲ್ಲ. ನಮ್ಮ ತಲೆಯ ಮೇಲೇ ಹಾಯ್ದಾಗ ದೊಡ್ಡ ಕಂಬಳಿಯೊಂದನ್ನು ಜಾಡಿಸಿದ ಹಾಗೆ ಗಾಳಿ ಬೀಸಿತು. ಚಿಕ್ಕಂದಿನಲ್ಲಿ ಇದನ್ನೇ ಎಷ್ಟೋ ಸಲ ಕಂಡಿದ್ದೆನಲ್ಲ! ಆಗ ಓಡಿಸಿದ್ದೆ, ನೋಡಿರಲಿಲ್ಲ. ಕಣ್ಣಲ್ಲಿ ನೀರು ಬಂತು, ಎದೆ ತುಂಬಿ ಬಂತು. ಹಿಂಡು ಜಾಲಿಯ ಕಡೆಗೆ ಇಳಿಯತೊಡಗಿದ್ದೇ ತಡ, ತುಂಬಿದ್ದೆಲ್ಲ ನನ್ನನ್ನು ಕೇಳದೆ ಬಾಯಿಗೆ ಬಂತು.

“ಹಾ... ಹೋ ಹೋ ಹೋಯ್!”

ಪಕ್ಕದಲ್ಲೇ ನಿಂತಿದ್ದ ಬಾಪುಸಾಹೇಬರು, ಎಲ್ಲ ಗೊತ್ತಿದ್ದೂ, ಸನಿಕೆ ಬಿಟ್ಟು ನನಗಿಂತ ಜೋರಾಗಿ ಕೂಗಿದರು. ಅವರಾಚೆಯ ಹೊಲದಿಂದ ಯಾರೋ ಕೂಗಿದರು. ಅದರಾಚೆ ಡಬ್ಬ ಬಡಿಯಿತು. ನದಿಯ ಕಡೆ ಪಟಾಕಿ ಹಾರಿತು. ಕಟ್ಟಳೆ ಎಂದರೆ ಕಟ್ಟಳೆ. ಇಳಿದ ಹಕ್ಕಿಗಳೆಲ್ಲ ಭೋರೆಂದು ಎದ್ದು ಮತ್ತೆ ಆಕಾಶಕ್ಕೇರಿದವು, ಸುತ್ತಿದವು, ಇಳಿಯಲು ಬಂದವು, ಮತ್ತೊಂದು ಕೂಗಿಗೆ ಮತ್ತೆ ಎದ್ದವು. ಸುನಂದೆ ದುರ್ಬೀನು ಕೆಳಗಿಳಿಸಿ ಬರಿಗಣ್ಣಿನಲ್ಲಿ ನೋಡುತ್ತಿದ್ದಳು. ನಾನು ಧೈರ್ಯ ಮಾಡಿ, “ನೋಡ್ದ್ಯಾ, ನಾ ಒದರಿದ್ದಕ್ಕ ಎಷ್ಟೊತ್ತು ಆಡಾಕತ್ತಾವ!” ಎಂದೆ.

“ಆಡಾಕತ್ತಿಲ್ರಿ” ಎಂದಳು, ಕಣ್ಣು ಕೀಳದೆ. “ದಣದ್ ಬಂದಾವ ಪಾಪ. ಮಲಗಾಕ ಜಾಗಾ ಹುಡಕಾಕತ್ತಾವ.”

ನಾನು ಮತ್ತೊಮ್ಮೆ ನೋಡಿದೆ. ಅದೇ ಹಿಂಡು, ಅದೇ ಆಕಾಶ. ಆಟ ಮಾತ್ರ ಈಗ ಕಾಣಲಿಲ್ಲ. ಮಬ್ಬುಗತ್ತಲಾದಾಗ ಅವು ನದಿ ದಾಟಿ ಹೋಗಿಬಿಟ್ಟವು. ಜಾಲಿಯ ಕಂಟಿ ಖಾಲಿ ನಿಂತಿತ್ತು. “ನೀವು ಒದರಿದ್ರಿ ಅಂತ ನಾನೂ ಒದರಿದೆ” ಎಂದು ಬಾಪುಸಾಹೇಬರು ತಲೆ ತುರಿಸಿಕೊಂಡರು. “ಯಾಕ್ ಒದರಿದೆ ಅಂತ ನನಗ ತಿಳೀವಲ್ದು.” ಮನೆ ಮುಟ್ಟುವ ತನಕ ನಾನು ಒಂದು ಮಾತೂ ಆಡಲಿಲ್ಲ. ಆಡಬೇಡ ಎಂದು ಯಾರೂ ಹೇಳಿರಲಿಲ್ಲ.

ಮರುದಿನ ಸಂಜೆ ಸುನಂದೆ ಮತ್ತೆ ಹೊರಟು ನಿಂತಳು. “ನಾ ಒಲ್ಲೆ, ನೀನೊಬ್ಬಾಕಿನ ಹೋಗು” ಎಂದೆ. “ಬರ್ರಿ ಸುಮ್ನ” ಎಂದು ಡಬ್ಬಿಯೊಂದನ್ನು ಸೆರಗಿನೊಳಗೆ ಇಟ್ಟುಕೊಂಡಳು. ಕೆರೆಯ ಏರಿಯಲ್ಲಿ, ದೂರದ ಹೊಗೆ ಕಂಡ ಕೂಡಲೇ ಡಬ್ಬಿ ತೆರೆದು ನನ್ನ ಬಾಯಿಗೊಂದು, ಬಾಪುಸಾಹೇಬರ ಬಾಯಿಗೊಂದು ಶೇಂಗಾ ಉಂಡೆ ಇಡಿಯಾಗಿ ತುರುಕಿದಳು. ಅಗಿಯಲೂ ಆಗದು, ಉಗುಳಲೂ ಆಗದು. ಇಬ್ಬರು ಗಂಡಸರು ಗಲ್ಲ ಉಬ್ಬಿಸಿಕೊಂಡು ಕಣ್ಣೀರು ಸುರಿಸುತ್ತ ನಿಂತೆವು. ಆ ಕಣ್ಣೀರು ಉಂಡೆಯದೋ ಹಕ್ಕಿಯದೋ ನಾನು ಹೇಳಲಾರೆ. ಹಿಂಡು ತಿರುಗಿತು, ಗುಲಾಬಿಯಾಯಿತು, ಸುರಿದಂತೆ ಜಾಲಿಗೆ ಇಳಿಯಿತು. ಆಮೇಲೆ ಆ ಕಂಟಿಯೊಳಗಿಂದ ಸಾವಿರ ಹಕ್ಕಿಗಳ ಗಲಗಲ, ಶಾಲೆ ಬಿಟ್ಟ ಹೊತ್ತಿನ ಹಾಗೆ. ನಿಧಾನವಾಗಿ ಅದೂ ಅಡಗಿತು. ಜೋಳ ಬೆಳೆಯುವ ಬಾಪುಸಾಹೇಬರು ಕೂಡ ಕೈ ಮುಗಿದು ನಿಂತಿದ್ದರು. ಸುನಂದೆ ನನ್ನ ತೋಳು ಹಿಡಿದುಕೊಂಡು, ನೋವಿನ ಕಾಲಿನಲ್ಲಿಯೇ, ಕೊನೆಯ ಹಕ್ಕಿ ಸುಮ್ಮನಾಗುವ ತನಕ ನಿಂತಳು.

ಆ ವಾರ ಅವಳ ನೋಟುಬುಕ್ಕನ್ನು ಕದ್ದು ನೋಡಿದೆ. ಭೋರಡಿಯ ಸಾಲಿನಲ್ಲಿ “ಎಣಿಸಲಿಲ್ಲ, ನೋಡಿದೆ” ಎಂದಷ್ಟೇ ಇತ್ತು. ಅದರ ಕೆಳಗೆ ಹೆಸರಿನ ಜಾಗ ಖಾಲಿ ಬಿಟ್ಟು ಹೀಗೆ ಬರೆದಿದ್ದಳು: ‘ಗಂಡು, ಎರಡು. ಜಾಗ, ಕೆರೆ ಏರಿ. ಸ್ವಭಾವ, ಗದ್ದಲ ಬಹಳ, ಬಾಯಿಗೆ ತಿನ್ನಲು ಹಾಕಿದರೆ ಸುಮ್ಮನಾಗುತ್ತವೆ. ಅದರಲ್ಲಿ ಒಂದು ನಮ್ಮ ಮನೆಯಲ್ಲೇ ವಾಸ. ವಲಸೆ ಹೋಗುವುದಿಲ್ಲ.’